ಊಟದ ಜೊತೆ ವೈನ್ ಕುಡಿದ್ರೆ ಫುಡ್ ಪಾಯ್ಸನ್ ಆಗಲ್ವಾ? ನಂಬ್ಕೊಂಡು ಕೂರೋ ಮೊದ್ಲು ಇದನ್ನ ಓದಿ

"ಒಂದು ಗ್ಲಾಸ್ ರೆಡ್ ವೈನ್ ಹಾಕ್ಕೊ, ಹೊಟ್ಟೆಗೆ ಏನೂ ಆಗಲ್ಲ" ಅನ್ನೋರು ಪ್ರತಿ ಪಾರ್ಟಿಲೂ ಒಬ್ರು ಇದ್ದೇ ಇರ್ತಾರೆ. ಅದು ಪೂರ್ತಿ ಬುರುಡೆ ಅಲ್ಲ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲ್ಯಾಬ್ ಟೆಸ್ಟಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಇ ಕೋಲಿ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಮೂರೂ ವೈನ್‌ನಲ್ಲಿ ಸಾಯ್ತಾ ಬಂದ್ವು. 1988ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹಸಿ ಸಿಂಪಿ ತಿಂದು ತುಂಬ ಜನಕ್ಕೆ ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕು ಬಂತು, ಆಗ್ಲೂ ವೈನ್, ವಿಸ್ಕಿ ತರ ಶೇ. 10ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರೋದನ್ನ ಕುಡಿದವ್ರಲ್ಲಿ ಕಾಯಿಲೆ ಕಮ್ಮಿ ಕಾಣಿಸ್ತು, ಬಿಯರ್ ಕುಡಿದವ್ರಿಗೆ ಆ ಲಾಭ ಇರ್ಲಿಲ್ಲ.

ಆದ್ರೆ ಲ್ಯಾಬಲ್ಲಿ ಕ್ರಿಮಿ ನೇರ ವೈನ್‌ನಲ್ಲೇ ಮುಳುಗಿರುತ್ತೆ, ನಿಮ್ಮ ಹೊಟ್ಟೇಲಿ ಬಿರಿಯಾನಿ, ಮೊಸರು, ನೀರು ಎಲ್ಲಾ ಕಲಸಿಕೊಂಡಿರುತ್ತೆ. ವೈನ್‌ನಲ್ಲಿ ಆಲ್ಕೋಹಾಲ್ ಇರೋದೇ ಶೇ. 12-14, ಕೈಗೆ ಹಚ್ಕೊಳ್ಳೋ ಸ್ಯಾನಿಟೈಸರ್‌ಗೇ ಕನಿಷ್ಠ 60 ಬೇಕು.

ಸೋ ಅಡುಗೆಮನೇಲಿ ಮಾಡ್ಬೇಕಾದ್ದು ಮಾಡಿ. ಮುಖ್ಯವಾಗಿ ಅನ್ನದ ವಿಷ್ಯ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರುತ್ತೆ, ಬೇಯ್ಸಿದ್ರೂ ಸಾಯಲ್ಲ, ಅನ್ನನ ರಾತ್ರಿಯೆಲ್ಲಾ ಕಟ್ಟೆ ಮೇಲೇ ಬಿಟ್ರೆ ಅದು ಬೆಳೆದು ವಿಷ ಬಿಡುತ್ತೆ, ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದ್ರೂ ಆ ವಿಷ ಹೋಗಲ್ಲ, ಮೇಲಿಂದ ವೈನ್ ಸುರಿದ್ರಂತೂ ಏನೂ ಪ್ರಯೋಜನ ಇಲ್ಲ. ಅದಕ್ಕೆ ಮಿಕ್ಕಿದ ಅನ್ನನ ಅಗಲ ತಟ್ಟೇಲಿ ಹರಡಿ ಬೇಗ ಆರ್ಸಿ, ಎರಡು ಗಂಟೆ ಒಳಗೆ ಫ್ರಿಜ್‌ಗೆ ಇಡಿ. 5ರಿಂದ 60 ಡಿಗ್ರಿ ಮಧ್ಯೆ ಕ್ರಿಮಿಗಳಿಗೆ ಹಬ್ಬ. ಚಿಕನ್ ಕೊಯ್ದ ಮಣೇಲೇ ಸೌತೆಕಾಯಿ ಹೆಚ್ಬೇಡಿ, ಸಾರು ಮತ್ತೆ ಬಿಸಿ ಮಾಡೋವಾಗ ಕೊತಕೊತ ಕುದಿಸಿ.

ಲಿವರ್ ತೊಂದ್ರೆ ಇರೋರು ಹಸಿ ಸಿಂಪಿ ತಿನ್ಲೇಬೇಡಿ, ಅದರಲ್ಲಿರೋ ಒಂದು ಜಾತಿ ವಿಬ್ರಿಯೋ ಬ್ಯಾಕ್ಟೀರಿಯಾ ಇಂಥವ್ರ ಪ್ರಾಣಕ್ಕೇ ಬರುತ್ತೆ, ಮತ್ತೆ ಲಿವರ್ ಹಾಳಾಗೋದು ಬಹಳ ಸಲ ಕುಡಿದೇ ಅಲ್ವಾ.

ಇಷ್ಟಾದ್ಮೇಲೂ ವಾಂತಿ ಭೇದಿ ಶುರುವಾದ್ರೆ ವೈನ್ ಬಾಟಲ್ ಪಕ್ಕಕ್ಕಿಡಿ, ಮೈಯಲ್ಲಿರೋ ನೀರು ಇನ್ನೂ ಖಾಲಿ ಆಗುತ್ತೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಸ್ಪೂನ್ ಸಕ್ಕರೆ, ಅರ್ಧ ಟೀ ಸ್ಪೂನ್ ಉಪ್ಪು, ಎರಡೂ ಗೋಪುರ ಇಲ್ದಂಗೆ ಮಟ್ಟವಾಗಿ ಅಳೆದು ಹಾಕಿ, ಗುಟುಕು ಗುಟುಕಾಗಿ ಕುಡೀತಾ ಇರಿ. ಭೇದೀಲಿ ರಕ್ತ ಕಂಡ್ರೆ, ಜ್ವರ ಜೋರಾದ್ರೆ, ಮೂತ್ರ ಕಮ್ಮಿ ಆದ್ರೆ ಸೀದಾ ಡಾಕ್ಟರ್ ಹತ್ರ ಹೋಗಿ, ಕುಡಿದಿದ್ರೆ ಅದನ್ನೂ ಮುಚ್ಚಿಡದೆ ಹೇಳಿ.