ಲೇಥ್ ಮೋಟಾರಿಗೆ ನೇತಾಡುವ ಮೌಂಟ್: ಮೂರನೇ ಸಲ ಕೂತಿತು

ಬೆಂಗಳೂರಿನ ಕಾಮಾಕ್ಷಿಪಾಳ್ಯದ ನನ್ನ ಶೆಡ್ಡಿನಲ್ಲಿ ಇರೋದು ನಾಲ್ಕೂವರೆ ಅಡಿಯ ಹಳೇ ಲೇಥ್, ಲೋಹವನ್ನು ತಿರುಗಿಸಿ ಕಡೆಯೋ ಯಂತ್ರ. ಮೋಟಾರ್ ಕೂತಿದ್ದ ಬೀಡು ಕಬ್ಬಿಣದ ಬ್ರಾಕೆಟ್ ಹೋದ ವರ್ಷ ಮುರಿಯಿತು. ಹೊಸದಕ್ಕೆ ಫ್ಯಾಬ್ರಿಕೇಶನ್‌ನವರು 6,500 ಕೇಳಿದರು. ಒಂದು ಎಚ್‌ಪಿ ಮೋಟಾರಿಗೆ ಅಷ್ಟಾ? ನಾನೇ ಮಾಡೋಣ ಅಂತ ಕೂತೆ.

ಮೊದಲನೇದು 5 ಎಂಎಂ ಪ್ಲೇಟ್, ಸಿ ಆಕಾರದ ಉಕ್ಕಿನ ಚಾನಲ್‌ಗೆ ನೇರ ವೆಲ್ಡ್. ವೆಲ್ಡಿಂಗ್ ಕಾವಿಗೆ ಪ್ಲೇಟ್ ದೋಣಿ ಥರ ಬಾಗಿತ್ತು. ಕೆಳಗೆ ಫೀಲರ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿ ನೋಡುವ ಬುದ್ಧಿ ಬರಲಿಲ್ಲ. ನಾಲ್ಕನೇ ಬೋಲ್ಟ್ ಬಿಗಿಯುವಾಗ ಟಕ್ ಅಂತ ಸದ್ದು. ಮೋಟಾರಿನ ಕಾಲೇ ಸೀಳಿತ್ತು. ಗುಜರಿ ಪೇಟೆ ಜಾಲಿ ಮೊಹಲ್ಲಾಗೆ ಹೋಗಿ ಸೆಕೆಂಡ್ ಹ್ಯಾಂಡ್ ಮೋಟಾರ್ ತಂದೆ. 3,000 ಚಿಲ್ಲರೆ ಹೋಯಿತು.

ಎರಡನೇದಕ್ಕೆ ಕದದ ಹಿಂಜ್ ಹಾಕಿ ಮೋಟಾರನ್ನು ನೇತು ಬಿಟ್ಟೆ, ಅದರ ಭಾರಕ್ಕೇ ಬೆಲ್ಟ್ ಬಿಗಿಯಾಗಿರಲಿ ಅಂತ. ಹಿಂಜ್ ಪಿನ್ನಿನಲ್ಲಿ ಸಡಿಲ ಜಾಸ್ತಿ. ಕಡೆಯುತ್ತಿದ್ದ ಹಿತ್ತಾಳೆ ತುಂಡಿನ ಮೇಲೆ ಮೀನಿನ ಹುರುಪೆ ಥರ ಗುರುತು ಬಿತ್ತು. ಪಕ್ಕದ ಶೆಡ್ಡಿನ ಟರ್ನರ್ (ಲೇಥ್ ಕೆಲಸದವನು) ಬಂದು, "ಸಾರ್, ಇದು ಲೇಥಾ, ಉಯ್ಯಾಲೆನಾ? ನೇತಾಡೋ ಮೋಟಾರಲ್ಲಿ ಫಿನಿಶ್ ಬರಲ್ಲ, ಬಿಟ್ಬಿಡಿ" ಅಂದ.

ಬಿಡಲಿಲ್ಲ. ತಪ್ಪಿದ್ದದ್ದು ನೇತಾಡೋದರಲ್ಲಲ್ಲ, ಹಿಂಜಿನಲ್ಲಿ. 10 ಎಂಎಂ ಪ್ಲೇಟ್ ತಂದೆ, ಪಿನ್ನಿಗೆ 20 ಎಂಎಂ ಬ್ರೈಟ್ ಬಾರ್, ಅಂದರೆ ನುಣುಪಾದ ಉಕ್ಕಿನ ಸರಳು. ಎರಡು ಗನ್‌ಮೆಟಲ್ ಬುಷ್ಷನ್ನು, ಅಂದರೆ ಪಿನ್ ತಿರುಗೋ ಕಂಚಿನ ಕೊಳವೆಗಳನ್ನು, ಅದೇ ಗಡಗಡ ಲೇಥಿನಲ್ಲೇ ಬೋರ್ ಮಾಡಿದೆ. ಎರಡೂ ಬುಷ್ ಒಂದೇ ಗೆರೆಯಲ್ಲಿ ಬರೋ ಹಾಗೆ ಹೇಗೆ ಹಿಡಿದು ಟ್ಯಾಕ್ (ಚುಕ್ಕೆ ವೆಲ್ಡ್) ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪುಲ್ಲಿಗಳಿಗೆ ದಾರ ಹಿಡಿದು ಸಾಲು ನೋಡಲು ಅರ್ಧ ದಿನ ಬೇಕಾಯಿತು. ಮೋಟಾರಿಗೆ 3 ಇಂಚಿನ ಪುಲ್ಲಿ, ಲೇಥಿಗೆ 9. ಮೋಟಾರಿನ ನಿಮಿಷಕ್ಕೆ 1440 ಸುತ್ತು ಮೂರು ಪಾಲಾಗಿ ಲೇಥಿನಲ್ಲಿ 480ಕ್ಕೆ ಇಳಿಯಿತು. ಲೋಡ್ ಬಿದ್ದಾಗ ಸ್ವಲ್ಪ ಕಮ್ಮಿ ಇರಬಹುದು.

ಮಧ್ಯದಲ್ಲಿ ಸುಮ್ನೆ ಒಂದು ಆಟ. ಸದ್ದು ಕಮ್ಮಿಯಾಗಲಿ ಅಂತ ಮೋಟಾರಿನ ಕಾಲಡಿ ಲಾರಿ ಟೈರಿನ ತುಂಡು ಇಟ್ಟೆ. ಸದ್ದು ಕಮ್ಮಿಯಾಯಿತು. ಆದರೆ ವಾರದಲ್ಲಿ ರಬ್ಬರ್ ಒಂದು ಕಡೆ ಕುಗ್ಗಿ ಬೆಲ್ಟ್ ಸೊಟ್ಟಗಾಯಿತು, ಅಂಚಿನಿಂದ ಕಪ್ಪು ಪುಡಿ ಉದುರತೊಡಗಿತು. ಕಿತ್ತು ಬಿಸಾಕಿದೆ.

ರಿವರ್ಸ್ ಹಾಕಿದಾಗ ಮೋಟಾರ್ ಎಗರಿ ಬೆಲ್ಟ್ ಜಾರುತ್ತಿತ್ತು. ರಿವರ್ಸ್ ಹಾಕಿ ಹಾಕಿ ಸ್ಕ್ರೂ ಥ್ರೆಡ್ ಹೊಡೆಯೋರಿಗೆ ಇದು ತಲೆನೋವು, ಅಲ್ವಾ? ಒಂದು ಸ್ಟಡ್ಡು, ಎರಡು ನಟ್ಟು ಹಾಕಿ ಪ್ಲೇಟ್ ಲಾಕ್ ಮಾಡಿದ ಮೇಲೆ ನಿಂತಿತು.

ಮೊನ್ನೆ 25 ಎಂಎಂ ಇಎನ್8 ಉಕ್ಕಿನ ರಾಡ್ ಹಿಡಿದು ಒಂದೇ ಪಾಸಿಗೆ 2 ಎಂಎಂ ಆಳ ಕೊಟ್ಟೆ. ಬೆಲ್ಟ್ ಜಾರಲಿಲ್ಲ. ಆಮೇಲೆ ಸಣ್ಣ ಕಟ್ಟಿನಲ್ಲಿ ಫಿನಿಶ್ ಮಾಡಿದ್ದನ್ನು ಟರ್ನರ್ ಉಗುರಿನಿಂದ ಗೀರಿ ನೋಡಿದ. ಏನೂ ಹೇಳಲಿಲ್ಲ, ಟೀ ಕುಡಿಸಿದ.

ಮೂರನೇ ಮೌಂಟಿಗೆ ಖರ್ಚು ಸುಮಾರು 1,900. ಎಲ್ಲಾ ಸೇರಿಸಿದರೆ 6,500 ದಾಟುತ್ತೆ ಅಂತ ಮನೆಯವಳು ಹೇಳುತ್ತಾಳೆ. ಮೋಟಾರಿನ ದುಡ್ಡು ಅದರಲ್ಲಿ ಸೇರಿಸಬಾರದು ಅನ್ನೋದು ನನ್ನ ವಾದ.

ಬೆಲ್ಟ್ ಗಾರ್ಡ್ ಇನ್ನೂ ಹಾಕಿಲ್ಲ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಇಟ್ಟಿದ್ದೇನೆ, ಭಾನುವಾರ ಕೂರಿಸಬೇಕು. ಅಲ್ಲಿಯವರೆಗೆ ಲುಂಗಿ ಉಟ್ಟವರು ಯಾರೂ ಲೇಥ್ ಹಿಂದೆ ಬರೋ ಹಾಗಿಲ್ಲ.