ಅಮ್ಮನ ಫೋನಿಗೆ ನುಗ್ಗುತ್ತಿದ್ದ ಗ್ರೂಪುಗಳು ನಿಂತಿದ್ದು ಹೀಗೆ

ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿದ ಮೇಲೆ ಅಮ್ಮನ ಫೋನಿನಲ್ಲಿ ಸೈಟು ಮಾರುವವರ, ಷೇರು ಟಿಪ್ಸ್ ಹಂಚುವವರ ಗ್ರೂಪುಗಳು ತಾವಾಗಿಯೇ ಬಂದು ಕೂರತೊಡಗಿದವು. ಒಂದರಿಂದ ಹೊರಬಂದರೆ ಇನ್ನೆರಡು ಹಾಜರ್.

ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಗ್ರೂಪ್ಸ್‌ಗೆ ಹೋಗಿ 'ಎವ್ರಿಒನ್' ತೆಗೆದು 'ಮೈ ಕಾಂಟ್ಯಾಕ್ಟ್ಸ್' ಮಾಡಿದೆ. ಆದರೂ ಒಂದು ಬಂತು! ನೋಡಿದರೆ, ಸೇರಿಸಿದ್ದು ಅಮ್ಮ ಎಂದೋ ಸೇವ್ ಮಾಡಿಕೊಂಡಿದ್ದ ಚೀಟಿ ಏಜೆಂಟ್. ಹಾಗಾಗಿ 'ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್' ಆರಿಸಿ, ಪಟ್ಟಿಯಲ್ಲಿದ್ದವರನ್ನೆಲ್ಲ ಟಿಕ್ ಮಾಡಿದೆ. ಈಗ ಯಾರೇ ಆದರೂ ಆಹ್ವಾನ ಕಳಿಸಬೇಕು. ಒಪ್ಪದಿದ್ದರೆ ಮೂರು ದಿನಕ್ಕೆ ಅದು ತಾನೇ ರದ್ದು.

ಪ್ರೊಫೈಲ್ ಫೋಟೋಗೆ 'ಮೈ ಕಾಂಟ್ಯಾಕ್ಟ್ಸ್' ಸಾಕು. ಇಲ್ಲಿ ಲೆಕ್ಕಕ್ಕೆ ಬರುವುದು ನಾವು ಸೇವ್ ಮಾಡಿಕೊಂಡವರು, ನಮ್ಮ ನಂಬರ್ ಸೇವ್ ಮಾಡಿಕೊಂಡವರಲ್ಲ. ಬಹಳ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ.

ಆದರೆ ನಂಬರ್ ಸೋರುವ ತೂತು ಹಾಗೇ ಇತ್ತು. ಮಾಮೂಲಿ ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು, ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ. ಅದಕ್ಕೆ ಅಡ್ಮಿನ್ ಹಿಂದೆ ಬಿದ್ದು ಬಡಾವಣೆಯ ಗ್ರೂಪನ್ನು 'ಕಮ್ಯುನಿಟಿ' (ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ವ್ಯವಸ್ಥೆ) ಮಾಡಿಸಿದೆ. 2022ರಲ್ಲಿ ಬಂದ ಈ ಸೌಲಭ್ಯದ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗಳಿಗೆ ಮತ್ತು ಅದನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಕಾಣುವುದು. ಅಲ್ಲಿ ಸಂದೇಶ ಹಾಕುವುದು ಅಡ್ಮಿನ್‌ಗಳು ಮಾತ್ರ, ಅಂದರೆ ಗುಡ್ ಮಾರ್ನಿಂಗ್ ಹೂಗಳೂ ಬಂದ್. ಇದು ನನಗೆ ಬೋನಸ್, ಕೆಲವು ಹಿರಿಯರಿಗೆ ಬೇಜಾರು. ಅವರು ಬೇರೆ ಗ್ರೂಪ್ ಮಾಡಿಕೊಂಡಿದ್ದಾರೆ, ಅಮ್ಮ ಅದಕ್ಕೂ ಸೇರಿದ್ದಾಳೆ.