ಬ್ರಿಟನ್ನಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು: ಕೇಳುವ ಬೆಲೆ, ಕೊಡಬಹುದಾದ ಬೆಲೆ

ಬ್ರಿಟನ್ನಿಗೆ ಬಂದ ಮೊದಲ ಕೆಲವು ವರ್ಷ ನಮ್ಮಲ್ಲಿ ಹೆಚ್ಚಿನವರ ದುಡ್ಡು ವೀಸಾ ಶುಲ್ಕ, ಆರೋಗ್ಯ ಸರ್ಚಾರ್ಜ್, ಮನೆ ಬಾಡಿಗೆ ಎಂದು ಕರಗಿಹೋಗುತ್ತದೆ. ಕಾಯಂ ವಾಸದ ಅನುಮತಿ ಸಿಕ್ಕಿ ಸ್ವಲ್ಪ ಉಸಿರಾಡುವಂತಾದಾಗ, ಅಷ್ಟು ದಿನ ಅದುಮಿಟ್ಟಿದ್ದ ಎರಡು ಬಾಗಿಲಿನ ಕಾರಿನ ಆಸೆ ಮೆಲ್ಲಗೆ ತಲೆ ಎತ್ತುತ್ತದೆ. ಜಾಹೀರಾತು ನೋಡಿದರೆ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್, ಆಡಿ ಟಿಟಿ, ಬಿಎಂಡಬ್ಲ್ಯು ಝಡ್4, ಮಾಜ್ದಾ ಎಂಎಕ್ಸ್-5 ಎಲ್ಲವೂ ಹೊಸ ಸಣ್ಣ ಕಾರಿಗಿಂತ ಅಗ್ಗ. ಹೊಸದಿದ್ದಾಗ 30,000 ಪೌಂಡ್ ದಾಟಿದ್ದದ್ದು ಈಗ ಒಂಬತ್ತು ಸಾವಿರಕ್ಕೆ ಸಿಗುತ್ತದೆ.

ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಕಾರು ಅಗ್ಗವಾಗಿದೆ ಎಂಬ ಸುದ್ದಿ ಅದರ ಕ್ಲಚ್ಚಿಗೆ, ಬ್ರೇಕ್ ಡಿಸ್ಕಿಗೆ, ಟೈರಿಗೆ ಇನ್ನೂ ಮುಟ್ಟಿಲ್ಲ. ಹಾಗಾಗಿ ನ್ಯಾಯವಾದ ಬೆಲೆ ಎಂದರೆ ನನ್ನ ಮಟ್ಟಿಗೆ ಇಷ್ಟೇ: ಅಂಥದೇ ಕಾರುಗಳು ನಿಜಕ್ಕೂ ಬಿಕರಿಯಾಗುತ್ತಿರುವ ದರ, ಅದರಲ್ಲಿ ಹಿಂದಿನವರು ಮಾಡಿಸದೆ ನಿಮ್ಮ ತಲೆಗೆ ಕಟ್ಟುತ್ತಿರುವ ಕೆಲಸಗಳ ಖರ್ಚನ್ನು ಕಳೆದರೆ ಉಳಿಯುವುದು. ಇವೆರಡನ್ನೂ ಮನೆಯಿಂದ ಹೊರಡುವ ಮೊದಲೇ ಬಹುಪಾಲು ತಿಳಿದುಕೊಳ್ಳಬಹುದು. ಆ ಮಟ್ಟಿಗೆ ಈ ದೇಶದ ವ್ಯವಸ್ಥೆ ಕೊಳ್ಳುವವರ ಪರವಾಗಿದೆ.

ನೋಂದಣಿ ಸಂಖ್ಯೆ ಒಂದಿದ್ದರೆ ಸಾಕು

ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ (ಉತ್ತರ ಐರ್ಲೆಂಡ್‌ನಲ್ಲಿ ನಾಲ್ಕು) ಪ್ರತಿ ವರ್ಷ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆ ಕಡ್ಡಾಯ. ಅದರ ಫಲಿತಾಂಶಗಳೆಲ್ಲ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮಾರುವವರ ಅನುಮತಿ ಬೇಡ, ನೋಂದಣಿ ಸಂಖ್ಯೆ ಹಾಕಿದರೆ ಆಯಿತು. ಯಾವ ದಿನ ಪಾಸಾಯಿತು, ಯಾವ ದಿನ ಫೇಲಾಯಿತು, ಅಂದು ಎಷ್ಟು ಮೈಲಿ ಓಡಿತ್ತು, ಏನೇನು ದೋಷ ಕಂಡಿತು ಎಲ್ಲವೂ ಅಲ್ಲಿರುತ್ತವೆ. 2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸುತ್ತಾರೆ. ಇವಲ್ಲದೆ 'ಅಡ್ವೈಸರಿ' ಎಂಬುದೊಂದಿದೆ: ಇವತ್ತು ಪಾಸು, ಆದರೆ ಇದರ ಮೇಲೆ ಕಣ್ಣಿಡಿ ಎಂಬ ಸೂಚನೆ.

ಬೆಲೆ ಕಟ್ಟಲು ಹೊರಟವರಿಗೆ ಪಾಸು ಫೇಲಿಗಿಂತ ಈ ಅಡ್ವೈಸರಿಗಳೇ ಮುಖ್ಯ. 'ಹಿಂದಿನ ಬ್ರೇಕ್ ಪೈಪಿಗೆ ತುಕ್ಕು' ಎಂಬ ಸಾಲು ಒಂದು ವರ್ಷ ಕಾಣಿಸಿ ಮರುವರ್ಷ ಮಾಯವಾಗಿದ್ದರೆ, ಮಾಲೀಕರು ಕೈ ಬಿಚ್ಚಿ ಖರ್ಚು ಮಾಡುವವರು. ಅದೇ ಸಾಲು ಮೂರು ವರ್ಷ ಹಾಗೇ ಕುಳಿತಿದ್ದರೆ, ಕಾನೂನು ಕುತ್ತಿಗೆ ಹಿಡಿಯುವವರೆಗೂ ದುಡ್ಡು ಬಿಚ್ಚದವರು. ಎಂಒಟಿಯವರ ಕಣ್ಣಿಗೆ ಬೀಳದ ಗೇರ್‌ಬಾಕ್ಸ್ ಆಯಿಲ್ಲನ್ನು ಅವರು ಬದಲಿಸಿರುವ ಸಂಭವ ಎಷ್ಟು, ನೀವೇ ಊಹಿಸಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆದ್ದರಿಂದ ತುಕ್ಕಿನ ಸುದ್ದಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಎಕ್ಸ್-5ನಂಥ ಕಾರಿನಲ್ಲಿ ಬಾಗಿಲ ಕೆಳಗಿನ ಸಿಲ್ ಭಾಗ ಒಳಗಿಂದಲೇ ತಿಂದುಹೋಗಿರುತ್ತದೆ, ಮೇಲಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ.

ಮೈಲಿಗಳ ಸಾಲನ್ನೂ ಮೇಲಿಂದ ಕೆಳಗೆ ಓದಿ. ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿದ್ದರೆ ಮೀಟರ್ ತಿರುಗಿಸಿರಬಹುದು, ಪರೀಕ್ಷಕರು ತಪ್ಪಾಗಿ ಬರೆದಿರಲೂಬಹುದು. ಮುಂದಿನ ಸಾಲುಗಳಲ್ಲಿ ಅದು ಗೊತ್ತಾಗುತ್ತದೆ. 2020ರಲ್ಲಿ ಪರೀಕ್ಷೆ ತಡವಾಗಿದ್ದರೆ ಗಾಬರಿ ಬೇಡ, ಆ ವರ್ಷ ಕೋವಿಡ್‌ನಿಂದಾಗಿ ಆರು ತಿಂಗಳ ವಿನಾಯಿತಿ ಇತ್ತು.

ಕಡಿಮೆ ಓಡಿದ್ದು ಎಂಬುದಕ್ಕೆ ನಮ್ಮವರು ಬೇಗ ಮರುಳಾಗುತ್ತಾರೆ. ಕಳೆದ ಚಳಿಗಾಲದಲ್ಲಿ ನಾನೂ ಮರುಳಾಗುವವನಿದ್ದೆ. 57 ಪ್ಲೇಟಿನ ಬೆಳ್ಳಿ ಬಣ್ಣದ ಬಾಕ್ಸ್‌ಸ್ಟರ್, ಕೇಳಿದ್ದ ಬೆಲೆ 9,495 ಪೌಂಡ್. ಇಲ್ಲಿನ ಪ್ಲೇಟಿನ ಎರಡಂಕಿಯೇ ವಯಸ್ಸು ಹೇಳುತ್ತದೆ: 07 ಎಂದರೆ 2007ರ ಮಾರ್ಚಿನಿಂದ ಆಗಸ್ಟ್, 57 ಎಂದರೆ ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರವರಿ. 'ಪ್ರೀತಿಯಿಂದ ಸಾಕಿದ ವಾರಾಂತ್ಯದ ಕಾರು' ಎಂದು ಜಾಹೀರಾತಿನಲ್ಲಿತ್ತು. ಎಂಒಟಿ ತೆಗೆದು ನೋಡಿದರೆ ನಾಲ್ಕು ವರ್ಷದಲ್ಲಿ ಓಡಿದ್ದು ಒಟ್ಟು ಒಂಬೈನೂರು ಮೈಲಿ. ಅದು ವಾರಾಂತ್ಯದ ಕಾರಲ್ಲ, ನಿಂತ ಕಾರು. ನಿಂತ ಕಾರಿನಲ್ಲಿ ರಬ್ಬರ್ ಒಣಗುತ್ತದೆ, ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಬ್ಯಾಟರಿ ಸಾಯುತ್ತದೆ.

ಮಾರುಕಟ್ಟೆಯ ದರ ಹಿಡಿಯುವುದು

ಆಟೋ ಟ್ರೇಡರ್, ಪಿಸ್ಟನ್‌ಹೆಡ್ಸ್ ತಾಣಗಳಲ್ಲಿ ಕಾಣುವುದು ಕೇಳಿದ ಬೆಲೆ, ಕೈಬದಲಾದ ಬೆಲೆಯಲ್ಲ. ಜಾಹೀರಾತಿನ ಪಕ್ಕದಲ್ಲಿ ಬರುವ 'ಒಳ್ಳೆಯ ಬೆಲೆ' ಎಂಬ ಗುರುತು ಗಣಕದ ಅಂದಾಜು. ಕ್ಲಚ್ಚು ಜಾರುತ್ತಿರುವುದು ಅದಕ್ಕೆ ಕಾಣುವುದಿಲ್ಲ. ನಾನು ಮಾಡುವುದು ಹಳೆಯ ಕಾಲದ ಕೆಲಸ. ಒಂದೇ ತಲೆಮಾರಿನ, ಒಂದೇ ಎಂಜಿನ್ನಿನ, ಒಂದೇ ಬಗೆಯ ಗೇರಿನ ಹತ್ತು ಕಾರುಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಆರು ವಾರ ನೋಡುತ್ತೇನೆ. ಯಾವುದು ಬೇಗ ಮರೆಯಾಯಿತು, ಯಾವುದು ಎರಡು ಸಲ ಬೆಲೆ ಇಳಿಸಿಯೂ ಅಲ್ಲೇ ಕುಳಿತಿದೆ ಎನ್ನುವುದರಲ್ಲಿ ದರ ತಾನಾಗಿ ಕಾಣುತ್ತದೆ. ಆನ್‌ಲೈನ್ ಹರಾಜಿನ ತಾಣಗಳಲ್ಲಿ ಕೊನೆಯ ಕೂಗು ಬಹಿರಂಗವಾಗಿ ಉಳಿಯುವುದರಿಂದ ತಾಳೆ ನೋಡಲು ಅನುಕೂಲ. ಕೆಲವು ಕಡೆ ಅದರ ಮೇಲೆ ಕೊಳ್ಳುವವರ ಶುಲ್ಕವೂ ಬೀಳುತ್ತದೆ. ಮೇಲ್ಛಾವಣಿ ಬಿಚ್ಚುವ ಕಾರನ್ನು ಏಪ್ರಿಲ್‌ನಲ್ಲಿ ನೋಡಲು ಹೋದರೆ ಬಿಸಿಲಿಗೂ ಸೇರಿಸಿ ದುಡ್ಡು ಕೊಡಬೇಕಾಗುತ್ತದೆ. ನವೆಂಬರ್ ಒಳ್ಳೆಯದು.

'ಒಂದೇ ತಲೆಮಾರು' ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ. ಬಾಕ್ಸ್‌ಸ್ಟರ್ ವಿಷಯದಲ್ಲಿ 2008ರವರೆಗಿನ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡಕ್ಕೆ ಒಂದು ಬೇರಿಂಗ್ ಇರುತ್ತದೆ. ಎಲ್ಲ ಕಾರಿನಲ್ಲೂ ಕೆಡುವುದಿಲ್ಲ, ಕೆಟ್ಟರೆ ಮಾತ್ರ ಎಂಜಿನ್ನೇ ಹೋಗುತ್ತದೆ. 2009ರ ಮಾದರಿಗೆ ಬಂದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಹೊರನೋಟಕ್ಕೆ ಅವಳಿಗಳಂತಿರುವ ಎರಡು ಕಾರುಗಳ ನಡುವೆ ಒಂದು ವರ್ಷಕ್ಕೆ ಇಷ್ಟೇಕೆ ವ್ಯತ್ಯಾಸ ಎಂದರೆ, ಅದು ವಯಸ್ಸಿನ ಬೆಲೆಯಲ್ಲ, ಎಂಜಿನ್ನಿನ ಬೆಲೆ. ಹೀಗೆ ಪ್ರತಿ ಮಾದರಿಗೂ ಒಂದೊಂದು ಕಾಯಿಲೆ. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್‌ಗೆ ಕಂಪ್ರೆಷನ್ ಪರೀಕ್ಷೆ (ಒಳಗಿನ ಒತ್ತಡದ ಅಳತೆ) ಮಾಡಿಸದೆ ಯಾವ ಬೆಲೆಯೂ ಬೆಲೆಯಲ್ಲ. 2000ದಿಂದ 2006ರವರೆಗಿನ ಬಿಎಂಡಬ್ಲ್ಯು ಎಂ3 ಆದರೆ ಹಿಂದಿನ ಸಬ್‌ಫ್ರೇಮ್ (ಹಿಂಚಕ್ರಗಳ ಭಾಗಗಳನ್ನು ಹಿಡಿದಿರುವ ಚೌಕಟ್ಟು) ಕೂರುವ ತಳದ ತಗಡು ಬಿರುಕು ಬಿಟ್ಟಿದೆಯೇ ಎಂದು ಮೊದಲು ಕೇಳಿ. ನಿಮ್ಮ ಮಾದರಿಯ ಕಾಯಿಲೆ ಯಾವುದೆಂದು ತಿಳಿಯುವವರೆಗೆ ಬೆಲೆಯ ಮಾತೇ ಎತ್ತಬೇಡಿ.

ಕಾಗದಪತ್ರ

ವಿ5ಸಿ ಎಂಬ ಲಾಗ್‌ಬುಕ್ಕನ್ನು ನಮ್ಮವರು ಆರ್‌ಸಿ ಪುಸ್ತಕ ಎಂದುಕೊಳ್ಳುತ್ತಾರೆ. ಅದು ಒಡೆತನದ ಪತ್ರವಲ್ಲ. ಅದರಲ್ಲಿರುವುದು 'ನೋಂದಾಯಿತ ಕೀಪರ್' ಹೆಸರು, ಅಂದರೆ ತೆರಿಗೆಗೆ, ದಂಡಕ್ಕೆ ಯಾರನ್ನು ಹಿಡಿಯಬೇಕು ಎಂಬುದಷ್ಟೇ. ಕಾರು ಫೈನಾನ್ಸ್ ಕಂಪನಿಯ ಸೊತ್ತಾಗಿದ್ದರೂ ವಿ5ಸಿ ಮಾರುವವರ ಹೆಸರಿನಲ್ಲೇ ಇರಬಹುದು. ಇದಕ್ಕಾಗಿಯೇ ಖಾಸಗಿ ಸಂಸ್ಥೆಗಳ ಹಿನ್ನೆಲೆ ತಪಾಸಣೆಯ ವರದಿ ಬೇಕು: ಸಾಲ ಬಾಕಿ ಇದೆಯೇ, ಕಳುವಾದದ್ದೇ, ವಿಮೆಯವರು ಗುಜರಿ ಎಂದು ಬರೆದದ್ದೇ. ತೀರಾ ಅಗ್ಗದ ವರದಿಗಳಲ್ಲಿ ಸಾಲದ ಮಾಹಿತಿ ಇರುವುದಿಲ್ಲ, ನೋಡಿ ಕೊಳ್ಳಿ.

ಅಪಘಾತವಾಗಿ ವಿಮೆಯವರು ಕೈಬಿಟ್ಟ ಕಾರುಗಳಿಗೆ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂಬ ವರ್ಗಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗೆ ಇಳಿಯುವಂತಿಲ್ಲ. ಎಸ್ ಎಂದರೆ ಚೌಕಟ್ಟಿಗೇ ಪೆಟ್ಟು, ಎನ್ ಎಂದರೆ ಚೌಕಟ್ಟು ಬಿಟ್ಟು ಉಳಿದದ್ದಕ್ಕೆ. ರಿಪೇರಿ ಎಷ್ಟೇ ಚೆನ್ನಾಗಿರಲಿ, ಆ ಅಕ್ಷರ ಕಾರಿನ ಬೆನ್ನು ಬಿಡುವುದಿಲ್ಲ. ನಿಮಗೆ ಸಿಕ್ಕ ರಿಯಾಯಿತಿಯನ್ನು ನಾಳೆ ನೀವೂ ಕೊಡಬೇಕಾಗುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಎಸ್ ವರ್ಗವನ್ನು ನಾನಂತೂ ಮುಟ್ಟುವುದಿಲ್ಲ.

ಸರ್ವೀಸ್ ಪುಸ್ತಕದ ಮೊಹರುಗಳಿಗಿಂತ ಬಿಲ್ಲುಗಳ ಕಂತೆಯನ್ನು ನಂಬಿ. ಮೊಹರು ಯಾರು ಬೇಕಾದರೂ ಒತ್ತಬಹುದು. ಬಿಲ್ಲಿನಲ್ಲಿ ದಿನಾಂಕ, ಮೈಲಿ, ಬಿಡಿಭಾಗದ ಹೆಸರು ಇರುತ್ತವೆ, ಅವು ಎಂಒಟಿಯ ಸಾಲುಗಳಿಗೆ ತಾಳೆಯಾಗಬೇಕು.

ತೆರಿಗೆ ಮತ್ತು ವಿಮೆಯೂ ಬೆಲೆಯ ಭಾಗವೇ

2001ರ ಮಾರ್ಚಿನಿಂದ 2017ರ ಮಾರ್ಚಿನವರೆಗೆ ನೋಂದಣಿಯಾದ ಕಾರಿನ ವಾರ್ಷಿಕ ತೆರಿಗೆ ಅದು ಉಗುಳುವ ಇಂಗಾಲದ ಡೈಆಕ್ಸೈಡ್ ಮೇಲೆ ನಿಂತಿದೆ. ಕಿಲೋಮೀಟರಿಗೆ 225 ಗ್ರಾಂ ಮೀರಿದ ಕಾರುಗಳಿಗೆ 2006ರ ಮಾರ್ಚ್ 23 ಒಂದು ಗಡಿ. ಅದಕ್ಕಿಂತ ಹಿಂದೆ ನೋಂದಣಿಯಾಗಿದ್ದರೆ ತೆರಿಗೆಯ ಕೆ ದರ್ಜೆಗೇ ನಿಲ್ಲುತ್ತದೆ. ಆ ದಿನದಿಂದೀಚೆಗಿನದಾದರೆ ಎಲ್ ಅಥವಾ ಎಂ, ವರ್ಷಕ್ಕೆ ಸುಮಾರು 300 ಪೌಂಡ್ ಹೆಚ್ಚು. ಒಂದೇ ಕಾರು, ಒಂದೇ ಎಂಜಿನ್, ಒಂದು ತಿಂಗಳ ಅಂತರ. 2017ರ ಏಪ್ರಿಲ್ ನಂತರದ ಕಾರಿನ ಮೂಲ ಪಟ್ಟಿಬೆಲೆ 40,000 ಪೌಂಡ್ ದಾಟಿದ್ದರೆ ಎರಡನೆಯ ವರ್ಷದಿಂದ ಐದು ವರ್ಷ ಹೆಚ್ಚುವರಿ ತೆರಿಗೆ ಬೀಳುತ್ತದೆ. ನೀವು ಅರ್ಧ ಬೆಲೆಗೆ ಕೊಂಡಿದ್ದರೂ ಬಿಡುವುದಿಲ್ಲ. ಲಂಡನ್ನಿನಲ್ಲಿರುವವರು ಯುಎಲ್‌ಇಝಡ್ ಎಂಬ ಮಾಲಿನ್ಯ ಶುಲ್ಕದ ವಲಯವನ್ನೂ ನೋಡಬೇಕು. 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಅದು ಹಬ್ಬಿದೆ. ಪೆಟ್ರೋಲ್ ಕಾರು ಹೊಗೆಯ ಮಿತಿಯಲ್ಲಿ ಕನಿಷ್ಠ ಯೂರೋ 4 ಮಟ್ಟದ್ದಲ್ಲದಿದ್ದರೆ ಓಡಿಸಿದ ದಿನವೆಲ್ಲ 12.50 ಪೌಂಡ್.

ವಿಮೆಯ ದರವನ್ನು ಕಾರು ನೋಡುವ ಮೊದಲೇ ತೆಗೆಸಿ. ಇಲ್ಲಿ ಕಾರುಗಳನ್ನು 1ರಿಂದ 50ರವರೆಗಿನ ಗುಂಪುಗಳಲ್ಲಿ ಇಟ್ಟಿದ್ದಾರೆ, ನಾವು ಆಸೆಪಡುವವುಗಳಲ್ಲಿ ಹೆಚ್ಚಿನವು ಹಿಂದಿನ ಬೆಂಚಿನವು. ಭಾರತದ ಲೈಸೆನ್ಸ್ ವಾಸ ಆರಂಭಿಸಿದ ಒಂದು ವರ್ಷ ಮಾತ್ರ ನಡೆಯುತ್ತದೆ, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಪಾಸಾಗಿ ಆರು ತಿಂಗಳಾದವರಿಗೆ ವಿಮೆಯವರು ಹೇಳುವ ಅಂಕಿ ಕೇಳಿದರೆ, ಕಾರಿನ ಬೆಲೆಯ ಚೌಕಾಸಿಯೇ ಕೆಲವೊಮ್ಮೆ ವ್ಯರ್ಥ ಎನಿಸುತ್ತದೆ. ಓಡಿಸಿ ನೋಡುವುದಕ್ಕೂ ವಿಮೆ ಬೇಕು. ಒಂದು ಗಂಟೆಗೋ ಒಂದು ದಿನಕ್ಕೋ ತಾತ್ಕಾಲಿಕ ವಿಮೆ ಫೋನಿನಲ್ಲೇ ಸಿಗುತ್ತದೆ.

ಡೀಲರೋ, ಖಾಸಗಿಯವರೋ

ಡೀಲರ್ ಬಳಿ ಬೆಲೆ ಹೆಚ್ಚು, ಅದಕ್ಕೆ ಪ್ರತಿಫಲವೂ ಇದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ಕಾರು ದೋಷಪೂರಿತವಾಗಿದ್ದರೆ 30 ದಿನದೊಳಗೆ ತಿರಸ್ಕರಿಸಿ ಹಣ ವಾಪಸು ಕೇಳಬಹುದು. ಖಾಸಗಿಯವರಿಂದ ಕೊಂಡರೆ ಆ ಹಕ್ಕಿಲ್ಲ. ಅವರು ಬರೆದ ವಿವರಣೆಗೆ ಕಾರು ಹೊಂದಬೇಕು, ಮಾರುವ ಅಧಿಕಾರ ಅವರಿಗಿರಬೇಕು, ಅಷ್ಟೇ. ಅದಕ್ಕೇ ಜಾಹೀರಾತನ್ನು ಚಿತ್ರ ತೆಗೆದು ಇಟ್ಟುಕೊಳ್ಳಬೇಕು. ಕೆಲವು ವ್ಯಾಪಾರಿಗಳು ಖಾಸಗಿಯವರ ವೇಷ ಹಾಕುತ್ತಾರೆ. ಫೋನ್ ಮಾಡಿ "ಆ ಕಾರಿನ ವಿಷಯ" ಎಂದಷ್ಟೇ ಹೇಳಿ. "ಯಾವ ಕಾರು?" ಎಂದು ಮರುಪ್ರಶ್ನೆ ಬಂದರೆ ಖಾಸಗಿಯವರಲ್ಲ, ವ್ಯಾಪಾರಿ.

ನಾನು ನೋಡಲು ಹೋದ ಆ ಬಾಕ್ಸ್‌ಸ್ಟರ್ ಖಾಸಗಿಯವರದೇ. ಸಂಭಾವಿತ ಮನುಷ್ಯ, ಚಹಾ ಕೊಟ್ಟರು. ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಬೇಕು. ಆಮೇಲೆ ಮಂಡಿಯೂರಿ ಮೊಬೈಲ್ ದೀಪ ಹಿಡಿದು ಟೈರಿನ ಪಕ್ಕದ ಗೋಡೆ ಓದಿದೆ. ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ಪುಟ್ಟ ಅಂಡಾಕಾರದೊಳಗೆ ನಾಲ್ಕಂಕಿ ಇರುತ್ತದೆ: 2314. ಅಂದರೆ 2014ರ ಇಪ್ಪತ್ತಮೂರನೆಯ ವಾರ ತಯಾರಾದದ್ದು. ತೋಡುಗಳು ಆಳವಾಗಿಯೇ ಇದ್ದವು, ಎಂಒಟಿ ಕೇಳುವ 1.6 ಮಿಲಿಮೀಟರಿಗಿಂತ ಬಹಳ ಮೇಲೆ. ಆದರೆ ತೋಡುಗಳ ನಡುವೆ ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕು. ನಾಲ್ಕರಲ್ಲೂ ಅದೇ ಅಂಕಿ. ಎಸಿ ಹಾಕಿದರೆ ಗಾಳಿ ಬಂತು, ತಂಪು ಬರಲಿಲ್ಲ. ಮುಂದಿನ ಬಂಪರಿನ ಬಾಯಲ್ಲಿ ಕೊಳೆತ ಎಲೆಗಳು, ಅದರ ಹಿಂದೆ ತುಕ್ಕು ತಿಂದ ಎಸಿಯ ಕಂಡೆನ್ಸರ್. "ಗ್ಯಾಸ್ ತುಂಬಿಸಿದರೆ ಸರಿಹೋಗುತ್ತದೆ" ಎಂದರು. ಅಷ್ಟು ಸುಲಭವಾಗಿದ್ದರೆ ಅವರೇ ತುಂಬಿಸಿರುತ್ತಿದ್ದರು.

ಮನೆಗೆ ಬಂದು ಪರಿಚಯದ ಗ್ಯಾರೇಜಿನಲ್ಲಿ ಕೇಳಿ ಬರೆದ ಲೆಕ್ಕ ಹೀಗಿತ್ತು. ಅಂಥ ಕಾರುಗಳು ಆಗ ನಿಜಕ್ಕೂ ಹೋಗುತ್ತಿದ್ದದ್ದು 9,000ದ ಸುಮಾರಿಗೆ. ನಾಲ್ಕು ಟೈರಿಗೆ 600, ಕಂಡೆನ್ಸರ್‌ಗೆ 550, ಡಿಸ್ಕು ಮತ್ತು ಪ್ಯಾಡಿಗೆ 700, ಬಾಕಿಯಿದ್ದ ದೊಡ್ಡ ಸರ್ವೀಸಿಗೆ 500. ಎಲ್ಲವನ್ನೂ ಪೂರ್ತಿ ಕಳೆಯುವುದು ನ್ಯಾಯವಲ್ಲ. ಅಷ್ಟು ವಯಸ್ಸಿನ ಬೇರೆ ಕಾರುಗಳ ಡಿಸ್ಕೂ ಹೊಸದಲ್ಲ. ಆದ್ದರಿಂದ ಟೈರನ್ನೂ, ಜಾಹೀರಾತಿನಲ್ಲಿ 'ಎಲ್ಲವೂ ಕೆಲಸ ಮಾಡುತ್ತದೆ' ಎಂದು ಬರೆದಿದ್ದ ಕಾರಣಕ್ಕೆ ಎಸಿಯನ್ನೂ ಪೂರ್ತಿ ಕಳೆದೆ, ಉಳಿದೆರಡನ್ನು ಅರ್ಧ. 1,750 ಹೋಗಿ 7,250 ಉಳಿಯಿತು. ಮನಸ್ಸು ಸ್ವಲ್ಪ ಸೋತದ್ದಕ್ಕೆ 250 ಸೇರಿಸಿ 7,500ಕ್ಕೆ ಕೇಳಿದೆ.

ಹೀಗೆ ಕೇಳುವಾಗ ಲೆಕ್ಕದ ಚೀಟಿಯನ್ನೇ ಕಳುಹಿಸಿ. ನೋಡುವ ಮೊದಲೇ "ಕೊನೆಯ ಬೆಲೆ ಎಷ್ಟು" ಎಂದು ಸಂದೇಶ ಹಾಕಿದರೆ ಇಲ್ಲಿ ಹೆಚ್ಚಿನವರು ಉತ್ತರವನ್ನೇ ಕೊಡುವುದಿಲ್ಲ. ಕಾರಣ ಬರೆದು ಮರ್ಯಾದೆಯಿಂದ ಕೇಳಿದರೆ, ಒಪ್ಪದಿದ್ದರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಿದರೆ ಹಣ ವರ್ಗಾಯಿಸುವ ಮುಂಚೆ ಆ ಮಾದರಿ ಬಲ್ಲ ಸ್ವತಂತ್ರ ಗ್ಯಾರೇಜಿನಲ್ಲಿ ಕಾರನ್ನು ಎತ್ತಿಸಿ ತೋರಿಸಿ. ತೆರಿಗೆ ಕಾರಿನೊಂದಿಗೆ ಬರುವುದಿಲ್ಲ ಎಂಬುದೂ ನೆನಪಿರಲಿ: ವಿ5ಸಿಯ ಹಸಿರು ಚೀಟಿಯಲ್ಲಿರುವ ಹನ್ನೆರಡಂಕಿಯ ಸಂಖ್ಯೆ ಹಾಕಿ, ಅವರ ಮನೆಯ ಮುಂದೆ ನಿಂತೇ ತೆರಿಗೆ ಕಟ್ಟಿ ಹೊರಡಬೇಕು.

ನನಗೆ ಆ ಪ್ರಮೇಯ ಬರಲಿಲ್ಲ. ಅವರು ವಂದನೆ ಹೇಳಿ, ಸಾಧ್ಯವಿಲ್ಲ ಎಂದರು. ಮೂರು ವಾರ ಬಿಟ್ಟು ನೋಡಿದರೆ ಜಾಹೀರಾತಿನಲ್ಲಿ ಬೆಲೆ 8,495ಕ್ಕೆ ಇಳಿದಿತ್ತು, 'ಎಲ್ಲವೂ ಕೆಲಸ ಮಾಡುತ್ತದೆ' ಎಂಬ ಸಾಲು ಮಾಯವಾಗಿತ್ತು. ಟೈರಿನ ಚಿತ್ರ ಮಾತ್ರ ಆಗಲೂ ಇರಲಿಲ್ಲ.